ಬೀಪಕ್ಕ ತಂಗಿಗಾಗಿ ಮಾಡಿದ ಸದ್ದು

ಕಿವಿ ಕೇಳದವರು ಸುಳ್ಳು ಹೇಳುತ್ತಾರೆ. ಇದನ್ನು ನಾನು ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೊದಲ ವಾರವೇ ಬೀಪಕ್ಕನಿಂದ ಕಲಿತೆ. ಹಲ್ಲುನೋವಿನವರು ಸುಳ್ಳು ಹೇಳುವುದಿಲ್ಲ. ಹೊಟ್ಟೆನೋವಿನವರು ಇದ್ದದ್ದಕ್ಕೆ ಒಂದಿಷ್ಟು ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಕಿವಿ ಕೇಳದವರು ಮಾತ್ರ ನಮ್ಮ ಎದುರು ಕೂತು, ನಗುತ್ತಾ, ತಲೆ ಆಡಿಸುತ್ತಾ, ಎಲ್ಲ ಕೇಳುತ್ತದೆ ಎನ್ನುತ್ತಾರೆ.

ನಮ್ಮ ಕಿವಿ ಪರೀಕ್ಷೆಯ ವಿಭಾಗ ಎಂದರೆ ಎರಡನೇ ಮಹಡಿಯ ತುದಿಯಲ್ಲಿರುವ ಒಂದು ಕೋಣೆ, ಅದರೊಳಗೆ ಇನ್ನೊಂದು ಪುಟ್ಟ ಕೋಣೆ. ಒಳಕೋಣೆಯ ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದಿದೆ. ಹೊರಗಿನ ಸದ್ದು ಒಳಗೆ ಹೋಗುವುದಿಲ್ಲ. ಪರೀಕ್ಷೆಗೆ ಬಂದವರು ಅಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲೊಂದು ಗುಂಡಿ ಹಿಡಿದು ಕೂರುತ್ತಾರೆ. ನಾವು ಗಾಜಿನ ಈಚೆ ಯಂತ್ರದ ಮುಂದೆ ಕೂತು ದಪ್ಪದ್ದು, ಸಣ್ಣದ್ದು, ಜೋರಾದದ್ದು, ಮೆಲ್ಲಗಿನದ್ದು ಎಂದು ಒಂದೊಂದೇ ಸದ್ದು ಬಿಡುತ್ತೇವೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಈ ಕೆಲಸವನ್ನೇ ಆಯುಷ್ಯವಿಡೀ ಮಾಡಿದ್ದಕ್ಕೆ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವರು ಬೀಪಕ್ಕ. ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು.

ಕೇಳದೆಯೂ ಗುಂಡಿ ಒತ್ತುವವರನ್ನು ಹಿಡಿಯಲು ಬೀಪಕ್ಕನ ಹತ್ತಿರ ಒಂದು ಉಪಾಯವಿತ್ತು. ಯಂತ್ರದ ಮೇಲೆ ಕೈ ಆಡಿಸುವುದು, ಸದ್ದು ಮಾತ್ರ ಬಿಡದೇ ಇರುವುದು. ಇದಕ್ಕೆ ಅವರು ಇಟ್ಟ ಹೆಸರು ಖಾಲಿ ಬೀಪ್. ಎಷ್ಟೋ ಜನ ಅವರ ಕೈ ಅಲುಗಿದ್ದು ನೋಡಿ ಟಕ್ಕನೆ ಗುಂಡಿ ಒತ್ತುತ್ತಿದ್ದರು. ಆಗ ಬೀಪಕ್ಕ ಎದ್ದು ಹೋಗಿ ಒಳಕೋಣೆಯ ಬಾಗಿಲು ತೆರೆಯುತ್ತಿದ್ದರು.

"ಯಜಮಾನ್ರೇ, ನನ್ನ ಕೈ ಚೆನ್ನಾಗಿ ಕಾಣ್ತಿದೆಯಾ?"

"ಓ, ಚೆನ್ನಾಗಿ ಕಾಣ್ತಿದೆಯಮ್ಮಾ."

"ಸರಿ, ಕಣ್ಣಿಗೇನೂ ತೊಂದರೆ ಇಲ್ಲ. ಈಗ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ, ಕಿವಿ ನೋಡೋಣ."

ಅವರದು ಖಾರದ ನಾಲಿಗೆ. ದೊಡ್ಡ ಡಾಕ್ಟರೂ ಅವರನ್ನು ಕಂಡರೆ ಸ್ವಲ್ಪ ಸುತ್ತುಹಾಕಿಕೊಂಡೇ ಹೋಗುತ್ತಿದ್ದರು. ಸಂಗೀತ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಕಾವಲುಗಾರನ ಮೊಬೈಲಿನಿಂದ ಹಾಡು ಕೇಳಿಬಂದರೆ "ಆ ಗೋಳಾಟ ನಿಲ್ಲಿಸಪ್ಪಾ, ಇಲ್ಲಿ ಕೆಲಸ ನಡೀತಿದೆ" ಎನ್ನುತ್ತಿದ್ದರು. ಹಾಗಾಗಿ, ಬೀಪಕ್ಕ ಒಂದು ಕಾಲದಲ್ಲಿ ಗ್ರಾಮಫೋನ್ ರೆಕಾರ್ಡು ಮಾಡಿದ್ದರಂತೆ ಎಂದು ಯಾರೋ ಹೇಳಿದಾಗ ನಾನು ಅದನ್ನು ಆಸ್ಪತ್ರೆಯ ಹತ್ತು ಪುಕಾರುಗಳಲ್ಲಿ ಇನ್ನೊಂದು ಎಂದುಕೊಂಡೆ.

ಪುಕಾರಲ್ಲ ಎಂದು ತಿಳಿದದ್ದು ಅವರ ತಂಗಿಯಿಂದ.

ತಂಗಿ ಹೊಲಿಗೆಯವರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಅಕ್ಕ ತಂಗಿ ಇಬ್ಬರೇ. ಅಂಗಡಿಯ ಒಂದು ಮಗ್ಗುಲಿಗೆ ಬೀಗ ರಿಪೇರಿಯವನು, ಇನ್ನೊಂದು ಮಗ್ಗುಲಿಗೆ ಜೆರಾಕ್ಸ್ ಅಂಗಡಿ. ನಾನು ಅವರನ್ನು ಟೈಲರಕ್ಕ ಎಂದು ಕರೆಯುತ್ತಿದ್ದೆ. ಅವರಿಗೆ ಕಿವಿ ಬಹುಪಾಲು ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತು ತಿಳಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಡುತ್ತಿದ್ದರು. ಗಿರಾಕಿಯ ಅಳತೆ ಹಿಡಿಯುವಾಗಲೂ ಅಷ್ಟೇ ಜೋರು. ಸೊಂಟದ ಸುತ್ತಳತೆ ಪಕ್ಕದ ಬೀಗದವನವರೆಗೂ ತಲುಪುತ್ತಿತ್ತು.

"ನಿಧಾನ ಹೇಳೇ, ಊರಿಗೆಲ್ಲ ಗೊತ್ತಾಗಬೇಕಾ?" ಎಂದು ಬೀಪಕ್ಕ ಗದರಿದರೆ, ಅವರು ಇನ್ನೂ ಜೋರಾಗಿ "ಊರಿಗೆ ಕಣ್ಣಿಲ್ವಾ? ನೋಡಿದ್ರೇ ಗೊತ್ತಾಗುತ್ತೆ!" ಎನ್ನುತ್ತಿದ್ದರು.

ಅಂಗಡಿಯಲ್ಲಿ ಒಂದು ದಿನ ಟೈಲರಕ್ಕ ಮಗುವೊಂದರ ಫ್ರಾಕಿಗೆ ಬಟ್ಟೆ ಹರಡಿ, ಅದರ ಮೇಲೆ ಕಪ್ಪು ರೆಕಾರ್ಡು ಇಟ್ಟು, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಅದೇನು ಎಂದು ಕೇಳಿದೆ.

"ಇದಾ? ನಮ್ಮಕ್ಕನ ಸಂಗೀತ. ಯಾರೂ ಕೊಳ್ಳಲಿಲ್ಲ, ನಾನು ಕೆಲಸಕ್ಕೆ ಹಚ್ಚಿದೀನಿ."

ಬೀಪಕ್ಕ ಮೆಟ್ಟಿಲ ಮೇಲಿಂದಲೇ ರೇಗಿದರು. "ಎಷ್ಟು ಸಲ ಹೇಳಿದೀನಿ, ಅದರ ಮೇಲೆ ಕತ್ತರಿ ಆಡಿಸಬೇಡ ಅಂತ! ಅನ್ನದ ತಟ್ಟೆ ಇಟ್ಕೊಂಡು ಗೆರೆ ಎಳಿ."

"ತಟ್ಟೆಗೆ ಅಂಚು ಜಾಸ್ತಿ ಅಕ್ಕಾ. ನಿನ್ನ ರೆಕಾರ್ಡೇ ಸರಿ."

ಅದರ ಹಿಂದಿನ ಕಥೆಯನ್ನು ಆಮೇಲೆ ಇಬ್ಬರ ಬಾಯಿಂದಲೂ ಚೂರುಚೂರಾಗಿ ಕೇಳಿದೆ. ಅವರ ತಂದೆ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂಸಾರ ಗಿರಣಿಯ ಹಿಂದಿನ ಒಂದೇ ಕೋಣೆಯಲ್ಲಿ. ಎರಡಕ್ಕೂ ನಡುವೆ ಒಂದೇ ಗೋಡೆ. ಗಿರಣಿ ಓಡುತ್ತಿರುವಷ್ಟು ಹೊತ್ತೂ ಆ ಗೋಡೆ ಗುಂಯ್ ಎಂದು ನಡುಗುತ್ತಿತ್ತು. ಚಿಕ್ಕವಳಿಗೆ ಆ ಗೋಡೆಗೆ ಬೆನ್ನು ಕೊಟ್ಟು ಮಲಗಿದರೇ ನಿದ್ದೆ. ಗಿರಣಿಗೆ ರಜೆ ಇದ್ದ ದಿನ ಅಳುತ್ತಿದ್ದಳಂತೆ. ಹೈಸ್ಕೂಲು ಸೇರುವ ಹೊತ್ತಿಗೆ ಅವಳ ಕಿವಿ ಹೋಗತೊಡಗಿತು. ಮೇಲಿನಿಂದ ಸುಣ್ಣ ಉದುರಿದ ಹಾಗೆ, ಮೊದಲು ಸಣ್ಣ ಸದ್ದುಗಳು ಹೋದವು. ಹಕ್ಕಿ ಹೋಯಿತು, ಸೈಕಲ್ ಬೆಲ್ಲು ಹೋಯಿತು. ಆಮೇಲೆ ಜನರ ಮಾತಿನಲ್ಲಿ ಸ, ತ, ಕ ಹೋಗಿ ಬರೀ ಗೊಣಗಾಟ ಉಳಿಯಿತು. ಕೆಳಗಿನ ದಪ್ಪ ಸದ್ದು ಮಾತ್ರ ನಿಂತಿತು. ಕಿವಿಯ ಮಷಿನ್ ಹಾಕಿಸಿ ನೋಡಿದರು. ಹಾಕಿಕೊಂಡರೆ ಕತ್ತರಿಯ ಸದ್ದು ಮಿದುಳಿಗೇ ಚುಚ್ಚುತ್ತದೆ ಎಂದು ಟೈಲರಕ್ಕ ಅದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟರು.

ತಾಯಿ ಅವಳಿಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಕೇಳದಿದ್ದರೆ ನಗು, ತಲೆ ಆಡಿಸು, ಕಿವುಡಿ ಅಂತ ಗೊತ್ತಾಗಬಾರದು. ಆ ಮನೆಯಲ್ಲಿ ತಂಗಿಯ ಕಿವಿಯ ಮಾತನ್ನು ಹೊರಗಿನವರ ಮುಂದೆ ಎತ್ತುತ್ತಿರಲಿಲ್ಲ. ಬೀಪಕ್ಕ ಕಿವಿ ಪರೀಕ್ಷೆಯ ಓದು ಓದಿದ್ದು, ಈ ಕೆಲಸ ಹಿಡಿದದ್ದು ತಂಗಿಗಾಗಿಯೇ. ಆದರೂ ಆ ರೂಢಿ ಅವರನ್ನೂ ಬಿಟ್ಟಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಸ್ಪತ್ರೆಯವರು ಹಳೆಯ ಸದ್ದಿನ ಯಂತ್ರವನ್ನು ಗುಜರಿಗೆ ಹಾಕಲಿದ್ದರು. ಬೀಪಕ್ಕ ಅದನ್ನು ಕೇಳಿ ಪಡೆದು ಇಟ್ಟುಕೊಂಡರು. ರಜೆಯ ದಿನ ಒಳಕೋಣೆ ಖಾಲಿ. ತಂಗಿ ಕೈಹೊಲಿಗೆ ಹಿಡಿದುಕೊಂಡು ಒಳಗೆ ಕೂರುವುದು, ಅಕ್ಕ ಹೊರಗೆ ಕೂತು ಯಂತ್ರದ ತಿರುಪು ತಿರುಗಿಸುವುದು.

"ಇದು ಇಲ್ಲ... ಇದೂ ಇಲ್ಲ... ಇದು ಇದೆ ಅಕ್ಕ... ಇದು... ಅಯ್ಯೋ, ಇದು ಗಿರಣಿ!"

ಆ ದಿನ ಟೈಲರಕ್ಕ ಸೂಜಿ ಚುಚ್ಚಿಕೊಂಡಿದ್ದೂ ಗೊತ್ತಾಗದೆ ಕೂತಿದ್ದರಂತೆ. ಎರಡು ದಪ್ಪ ಸದ್ದುಗಳನ್ನು ಕೂದಲೆಳೆಯಷ್ಟೇ ಅಂತರದಲ್ಲಿ ಒಟ್ಟಿಗೆ ಬಿಟ್ಟರೆ, ಅವು ಒಂದರ ಮೇಲೊಂದು ಏರಿ ಇಳಿದು ಗಿರಣಿಯ ಬೆಲ್ಟಿನ ಹಾಗೆ ಬಡಿದುಕೊಳ್ಳುತ್ತವೆ. ಬೀಪಕ್ಕ ಅದನ್ನು ಟೇಪಿಗೆ ಇಳಿಸಿದರು. ಅದರ ಮೇಲೆ ಬೇರೆ ಸದ್ದುಗಳನ್ನು ಹಾಕಿದರು. ಬಹಳ ನಿಧಾನವಾಗಿ ಬಂದು, ಇದ್ದು, ಹೋಗುವಂಥವು. ತಾಳವಿಲ್ಲ, ಹಾಡಿಲ್ಲ. ಇಷ್ಟಕ್ಕೇ ಒಂದು ವರ್ಷದ ರಜೆಗಳೆಲ್ಲ ಹೋದವು. ಟೈಲರಕ್ಕ ಅದನ್ನು ಹೀಗೆ ಹೇಳುತ್ತಿದ್ದರು: "ಮೇಲಿನದೆಲ್ಲ ಊರವರಿಗೆ. ಕೆಳಗಿನದು ನನಗೆ."

ಕಿವಿಯೊಳಗೆ ಗುಂಯ್‌ಗುಡುತ್ತದೆ ಎಂದು ಪರೀಕ್ಷೆಗೆ ಬಂದಿದ್ದ ಸಣ್ಣ ರೆಕಾರ್ಡು ಕಂಪನಿಯ ಮಾಲೀಕರೊಬ್ಬರು ಆ ಟೇಪನ್ನು ಅಕಸ್ಮಾತ್ ಕೇಳಿ, ಹಟಹಿಡಿದು ರೆಕಾರ್ಡು ಮಾಡಿಸಿದರು. ಹೆಸರು 'ಗೋಡೆಗೆ ಬೆನ್ನು'. ಹೊದಿಕೆಯ ಮೇಲೆ ಒಂದು ಬರಿಗೋಡೆಯ ಚಿತ್ರ. ಒಂದೇ ಒಂದು ಪತ್ರಿಕೆ ಅದರ ಬಗ್ಗೆ ಬರೆಯಿತು. ಆ ಸಾಲನ್ನು ಬೀಪಕ್ಕ ಇಂದಿಗೂ ತಪ್ಪಿಲ್ಲದೆ ಹೇಳುತ್ತಾರೆ: "ಇದನ್ನು ಕೊಂಡವರು ಪ್ಲೇಯರ್ ಹಾಕುವ ಮೊದಲು ಮನೆಗೊಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿಕೊಳ್ಳುವುದು ಒಳ್ಳೆಯದು." ಮಾಲೀಕರು ಟಿವಿ ಮಾರುವ ಅಂಗಡಿ ಹಾಕಿಕೊಂಡರು. ಮಾರಾಟವಾಗದ ರೆಕಾರ್ಡುಗಳು ಕಟ್ಟುಕಟ್ಟಾಗಿ ಮನೆಗೆ ಬಂದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿದವು. ಅಲ್ಲಿಗೆ ಬೀಪಕ್ಕನ ಸಂಗೀತ ಮುಗಿಯಿತು.

ಟೈಲರಕ್ಕನಿಗೆ ಮಾತ್ರ ಮುಗಿಯಲಿಲ್ಲ. ದಿನಾ ಮಧ್ಯಾಹ್ನ, ನಾವು ಆಸ್ಪತ್ರೆಯಲ್ಲಿರುವ ಹೊತ್ತಿಗೆ, ಊಟವಾದ ಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಹಳೆಯ ಪ್ಲೇಯರಿಗೆ ರೆಕಾರ್ಡು ಹಾಕಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಕೈಯನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದರು. ಸ್ಪೀಕರಿನ ಮೇಲೆ ಕೈ ಇಟ್ಟರೆ ನಡುಕ ಯಾರಿಗಾದರೂ ತಿಳಿಯುತ್ತದೆ, ಅದರಲ್ಲೇನಿದೆ ಎನ್ನುತ್ತಿದ್ದರು. ಕಿವಿಯಲ್ಲೇ ಕೇಳಬೇಕು. ಲೋಕದಲ್ಲಿ ಅವರಿಗೆ ಪೂರ್ತಿಯಾಗಿ ಕೇಳುತ್ತಿದ್ದ ವಸ್ತು ಅದೊಂದೇ.

ಗಡ್ಡ ಬಿಟ್ಟವನೊಬ್ಬ ಬೀಪಕ್ಕನನ್ನು ಹುಡುಕಿಕೊಂಡು ಬಂದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಹಳೆಯ ರೆಕಾರ್ಡುಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುವುದು ಅವನ ಉದ್ಯೋಗ. ಪಾಪ, ಒಳ್ಳೆಯವನೇ. ಬೆವರು ಒರೆಸಿಕೊಳ್ಳುತ್ತಾ ನಮ್ಮ ಕೋಣೆಗೇ ಬಂದ.

"ಮೇಡಂ, ಗುಜರಿ ಅಂಗಡೀಲಿ ಸಿಕ್ತು ನಿಮ್ಮ ರೆಕಾರ್ಡು. ಒಂದು ವರ್ಷದಿಂದ ನಂಗೆ ಬೇರೇನೂ ಕೇಳೋಕಾಗ್ತಿಲ್ಲ."

"ಬೇರೇನೂ ಕೇಳ್ತಿಲ್ವಾ? ಒಳಗೆ ಕೂತ್ಕೊಳ್ಳಿ, ಪರೀಕ್ಷೆ ಮಾಡ್ತೀನಿ."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಹಾಗಲ್ಲ ಮೇಡಂ. ಇಂಥದ್ದಕ್ಕೆ ಈಗ ಆಂಬಿಯೆಂಟ್ ಅಂತಾರೆ. ಕೋಣೇಲಿ ಗಾಳಿ ಇರೋ ಹಾಗೆ ಇರುತ್ತೆ. ಕೇಳಿದ್ರೂ ಆಯ್ತು, ಕೇಳದೆ ಬಿಟ್ರೂ ಆಯ್ತು."

"ಬಿಟ್ಟವರೇ ಜಾಸ್ತಿ."

"ಇನ್ನು ಹಾಗಿಲ್ಲ ಮೇಡಂ. ನೀವು ಇದನ್ನೆಲ್ಲ ಆಗಲೇ ಮಾಡಿದ್ರಿ. ಯಾಕೆ ಮಾಡಿದ್ರಿ, ಹೇಗೆ ಹೊಳೀತು?"

ಆಗ ಬೀಪಕ್ಕ ತಂಗಿಯ ಮಾತು ಹೇಳಬೇಕಿತ್ತು. "ಹೊತ್ತು ಹೋಗ್ತಿರಲಿಲ್ಲ, ಮಾಡಿದೆ" ಎಂದರು. ಅವನು ಹೋದ ಮೇಲೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ನಮ್ಮನೆ ಕಿವಿ ವಿಷಯ ಅವನಿಗ್ಯಾಕೆ?" ಎಂದರು.

ಗಡ್ಡದವನಿಗೆ ಮೂಲ ಟೇಪು ಬೇಕಿತ್ತು. ಉಳಿದ ಹಳೆಯ ರೆಕಾರ್ಡುಗಳೂ ಬೇಕಿದ್ದವು. ಮೊದಲೇ ಹೆಸರು ಬರೆಸಿದವರಿಗೆ ಹೊಸದರ ಜೊತೆ ಹಳೆಯದೊಂದನ್ನು ಕೊಡುವ ಯೋಚನೆ ಅವನದು. ಟೈಲರಕ್ಕ ಹಿಗ್ಗಿ ಹೀರೇಕಾಯಿಯಾದರು. ಮೇಜಿನ ಕೆಳಗಿನ ಕಟ್ಟನ್ನೆಲ್ಲ ತಾವೇ ಎಳೆದು ಕೊಟ್ಟರು. ಫ್ರಾಕಿಗೆ ಗೆರೆ ಎಳೆಯುತ್ತಿದ್ದ ಸೀಮೆಸುಣ್ಣದ ರೆಕಾರ್ಡನ್ನೂ ಅವನು ಬಿಡಲಿಲ್ಲ, ಅದಕ್ಕೇ ಹೆಚ್ಚು ಗಿರಾಕಿ ಎಂದ. ಕೊನೆಗೆ ಟೈಲರಕ್ಕ ಪ್ಲೇಯರಿನ ಮೇಲಿದ್ದ ತಮ್ಮದನ್ನೂ ತೆಗೆದರು.

"ಅದು ಇರಲಿ" ಎಂದರು ಬೀಪಕ್ಕ.

"ಹೊಸದು ಬರುತ್ತಲ್ಲಾ ಅಕ್ಕ. ಇದರ ತುಂಬಾ ಗೀರು. ಎರಡು ಮೂರು ತಿಂಗಳು ತಾನೇ? ನೀನೊಬ್ಬಳು, ಬಂದ ಲಕ್ಷ್ಮೀನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ತೀಯ."

ಎರಡು ಮೂರು ತಿಂಗಳು ಎರಡು ವರ್ಷ ದಾಟಿತು. ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಗಳೇ ಕಡಿಮೆಯಂತೆ, ಅಲ್ಲಿ ದೊಡ್ಡ ದೊಡ್ಡ ಹಾಡುಗಾರರ ಸರದಿಯಂತೆ. ಆಮೇಲೆ ಹೊದಿಕೆಯ ಕಾಗದ ಸರಿಬರಲಿಲ್ಲವಂತೆ. ನಡುವೆ ಒಮ್ಮೆ ಒಪ್ಪಿಗೆಗೆಂದು ಮಾದರಿಯನ್ನು ಫೋನಿಗೆ ಕಳಿಸಿದ. ಅಂದು ಹೊರಗೆ ಶಾಲೆಯ ಮಕ್ಕಳ ಸಾಲು ಇತ್ತು. ಬೀಪಕ್ಕ ಕಾರಿಡಾರಿನಲ್ಲಿ ನಿಂತು ಫೋನನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿ, "ಆಗಬಹುದು" ಎಂದು ಉತ್ತರ ಹಾಕಿದರು. ಅವರ ಮುಖದಲ್ಲಿ ಅಂಥ ನಗು ನಾನು ಹಿಂದೆ ನೋಡಿರಲಿಲ್ಲ.

ಆ ಎರಡು ವರ್ಷದಲ್ಲಿ ಟೈಲರಕ್ಕನ ಮಧ್ಯಾಹ್ನಗಳು ಬರಿದಾಗಿದ್ದವು. ಆ ಹೊತ್ತಿನಲ್ಲೂ ಹೊಲಿಗೆಗೇ ಕೂರುತ್ತಿದ್ದರು. ಒಂದು ದಿನ ನಾನು ಅಲ್ಲಿದ್ದಾಗ ಕರೆಂಟಿನ ಹೊಲಿಗೆ ಮಷಿನ್ ಓಡುತ್ತಿರುವಂತೆಯೇ ಕಾಲು ತೆಗೆದು, "ಕರೆಂಟು ಹೋಯ್ತಾ?" ಎಂದರು. ಹೋಗಿರಲಿಲ್ಲ. ಫ್ಯಾನು ತಿರುಗುತ್ತಿತ್ತು. ಅಂದಿನಿಂದ ಹೊಲಿಯುವಾಗ ಅವರ ಎಡಗೈ ಮಷಿನ್ನಿನ ಮೈಮೇಲೇ ಇರುತ್ತಿತ್ತು. ಬೀಪಕ್ಕನೂ ಅದನ್ನು ನೋಡಿದರು. ವರ್ಷಕ್ಕೊಮ್ಮೆ ತಂಗಿಯನ್ನು ಒಳಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಿದ್ದವರು, ಆ ವರ್ಷ "ರೆಕಾರ್ಡು ಬರಲಿ, ಆಮೇಲೆ ಮಾಡೋಣ" ಎಂದು ಮುಂದೆ ಹಾಕಿದರು.

ಕೊನೆಗೂ ಬಂತು. ದಪ್ಪ ಹೊದಿಕೆ, ಒಳಗೆ ಹೊಳೆಯುವ ಕಪ್ಪು ತಟ್ಟೆ. ಹಳೆಯದರ ಎರಡರಷ್ಟು ತೂಕ. ಜೊತೆಗೆ ಗಡ್ಡದವನ ಉಡುಗೊರೆಯಾಗಿ ಹೊಸ ಪ್ಲೇಯರ್, ಎರಡು ಸ್ಪೀಕರ್. ಅಷ್ಟರಲ್ಲಿ ಬೀಪಕ್ಕನ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಆಸ್ಪತ್ರೆಯವರು ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಹಚ್ಚಿದ್ದರು. ಸುತ್ತುಹಾಕಿಕೊಂಡು ಹೋಗುತ್ತಿದ್ದ ದೊಡ್ಡ ಡಾಕ್ಟರು ಈಗ ಬೇಕೆಂದೇ ನಮ್ಮ ಬಾಗಿಲಿಗೆ ಬಂದು "ಏನಮ್ಮಾ, ನಮ್ಮ ಸೆಲೆಬ್ರಿಟಿ!" ಎನ್ನುತ್ತಿದ್ದರು.

ತಂತಿ ಜೋಡಿಸಿಕೊಡಲು ರಜೆಯ ದಿನ ನನ್ನನ್ನು ಮನೆಗೆ ಕರೆದರು. ಟೈಲರಕ್ಕ ಕೈ ತೊಳೆದು, ಒಗೆದ ಸೀರೆ ಉಟ್ಟು, ಕುರ್ಚಿಯಲ್ಲಿ ಕೂತರು. ಕೈ ಮಡಿಲಲ್ಲಿ, ಕಣ್ಣು ಮುಚ್ಚಿದೆ. ಬೀಪಕ್ಕ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು. ಎಳೆಎಳೆಯಾಗಿ ಸದ್ದು ಬಂತು. ತಿಳಿಯಾಗಿ, ಚೆನ್ನಾಗಿಯೇ ಇತ್ತು. ಟೈಲರಕ್ಕ ಮೆಲ್ಲಗೆ ತಲೆ ಆಡಿಸತೊಡಗಿದರು. ತುಟಿಯಲ್ಲಿ ನಗು.

ಆ ನಗುವನ್ನು ನಾನು ನಮ್ಮ ಗಾಜಿನ ಕಿಟಕಿಯಲ್ಲಿ ದಿನಾ ನೋಡುತ್ತೇನೆ.

ಬೀಪಕ್ಕನೂ ತಂಗಿಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ, ಮುಳ್ಳನ್ನು ಮೆಲ್ಲಗೆ ಎತ್ತಿಬಿಟ್ಟರು. ಕೋಣೆಯಲ್ಲಿ ಏನೂ ಇಲ್ಲ. ಕೆಳಗಿನ ಬೀಗದವನು ಯಾವುದೋ ಕೀಲಿಯನ್ನು ಅರದಿಂದ ಉಜ್ಜುವ ಸದ್ದಷ್ಟೇ. ಟೈಲರಕ್ಕ ತಲೆ ಆಡಿಸುತ್ತಲೇ ಇದ್ದರು. ನನಗೆ ಅಲ್ಲಿಂದ ಎದ್ದು ಹೋದರೆ ಸಾಕು ಅನ್ನಿಸಿತು. ಬೀಪಕ್ಕ ಮತ್ತೆ ಮುಳ್ಳು ಇಳಿಸಿ, ರೆಕಾರ್ಡಿನ ಆ ಮಗ್ಗುಲು ಮುಗಿಯುವವರೆಗೂ ಕಾದು, ತಂಗಿಯ ಮೊಣಕಾಲು ಮುಟ್ಟಿದರು.

"ಹೇಗಿತ್ತೇ?"

"ಅದೇ ಗಿರಣಿ ಅಕ್ಕ! ಹಾಗೇ ಇದೆ."

"ಹೂಂ. ಹಾಗೇ ಇದೆ."

ಟೈಲರಕ್ಕ ಚಹಾ ಮಾಡಲು ಎದ್ದು ಹೋದರು. ಬೀಪಕ್ಕ ರೆಕಾರ್ಡನ್ನು ಮತ್ತೆ ಹಾಕಿ ಈಗ ತಾವು ಕಿವಿ ಕೊಟ್ಟು ಕೇಳಿದರು. ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಧ್ವನಿ ಹೆಚ್ಚಿಸಿ ಮತ್ತೆ ಇಟ್ಟರು. ಆಮೇಲೆ ನನ್ನನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗಿ, "ಇದರಲ್ಲಿ ಗಿರಣಿಯೇ ಇಲ್ಲ ಕಣೇ" ಎಂದರು.

ಅವರ ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿನ ಜೊತೆ ಒಂದು ಆಸೆಯೂ ಇತ್ತು, ಅದು ನನಗೆ ತಿಳಿಯಿತು. ತಪ್ಪು ರೆಕಾರ್ಡಿನದಾದರೆ ಕಿವಿ ಇನ್ನೂ ಉಳಿದಿರಬಹುದಲ್ಲ? ಕೇಳದ್ದನ್ನು ಕೇಳಿತು ಎಂದಿದ್ದು ಅಕ್ಕನ ಮನಸ್ಸು ನೋಯಬಾರದು ಎಂದಿರಬಹುದಲ್ಲ?

"ಆಸ್ಪತ್ರೇಲಿ ಒಂದು ಸಲ ಪರೀಕ್ಷೆ ಮಾಡಿಬಿಡೋಣ" ಎಂದೆ. ಎರಡು ನಿಮಿಷದ ಕೆಲಸ.

"ಬೇಡ. ಮೊದಲು ಅವನನ್ನ ವಿಚಾರಿಸ್ತೀನಿ."

ಮರುದಿನ ನಮ್ಮ ಕೋಣೆಯಿಂದಲೇ, ಸ್ಪೀಕರಿಗೆ ಹಾಕಿ, ಫೋನು ಮಾಡಿದರು. ಗಡ್ಡದವನ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು.

"ಮೇಡಂ, ವಿಮರ್ಶೆ ನೋಡಿದ್ರಾ? 'ನೆಲವೇ ಇಲ್ಲದ ಸಂಗೀತ' ಅಂತ ಬರೆದಿದಾರೆ! ಗಾಳೀಲಿ ತೇಲುತ್ತಂತೆ!"

"ಕೆಳಗಿನ ಸದ್ದು ಎಲ್ಲಪ್ಪಾ?"

"ಯಾವ ಸದ್ದು ಮೇಡಂ?"

"ಗುಂಯ್ ಅಂತ ಒಂದು ಇತ್ತಲ್ಲ, ಮೊದಲಿಂದ ಕೊನೇವರೆಗೂ."

"ಓ, ಆ ಕರೆಂಟಿನ ಸದ್ದಾ? ಪೂರಾ ತೆಗೆದ್ವಿ ಮೇಡಂ. ನಮ್ಮ ಇಂಜಿನಿಯರ್ರು ಟೇಪು ಓಡಿಸೋವಾಗಲೇ ಅದನ್ನ ತಡೆದುಬಿಟ್ರು. ಅಲ್ಲಿಲ್ಲಿ ಉಳಿದಿದ್ದನ್ನೂ ಕೂತು ಹೆಕ್ಕಿ ತೆಗೆದ್ರು. ಒಂದು ಚೂರೂ ಉಳಿದಿಲ್ಲ, ಬೇಕಿದ್ರೆ ನೋಡಿ."

ಬೀಪಕ್ಕ ಫೋನನ್ನು ಹತ್ತಿರ ಎಳೆದುಕೊಂಡರು.

"ಅದು ಕರೆಂಟಲ್ಲಪ್ಪಾ. ಅದಕ್ಕೇ ಅಂತ ಉಳಿದಿದ್ದೆಲ್ಲ ಮಾಡಿದ್ದು."

ಆ ಕಡೆಯಿಂದ ಹೆದರಿದ ದನಿ: "ಮಾದರಿ ಕಳಿಸಿದ್ವಲ್ಲ ಮೇಡಂ... ಆಗಬಹುದು ಅಂದ್ರಿ..."

"ಟೇಪು ಕಳಿಸು. ನಾನೇ ಓಡಿಸ್ಕೋತೀನಿ."

ಟೇಪು ಇರಲಿಲ್ಲ. ಅದರ ಲೇಪವೆಲ್ಲ ಪುಡಿಪುಡಿಯಾಗಿ ಕೈಗೆ ಬರುತ್ತಿತ್ತಂತೆ. ಒಂದು ಸಲ ಓಡಿಸುವಷ್ಟೇ ಉಸಿರು ಉಳಿದಿತ್ತಂತೆ. ಹಳೆಯ ರೆಕಾರ್ಡುಗಳೆಲ್ಲ ಗಿರಾಕಿಗಳ ಮನೆ ಸೇರಿಯಾಗಿತ್ತು. ತಾನು ಗುಜರಿಯಲ್ಲಿ ಕೊಂಡದ್ದೊಂದಿದೆ, ಅದನ್ನೇ ಕಳಿಸುತ್ತೇನೆ ಎಂದ. ಕೊನೆಗೆ ಒಂದು ಮಾತು ಸೇರಿಸಿದ. ಎರಡನೇ ಅಚ್ಚಿಗೆ ಬೇಡಿಕೆ ಬಂದಿದೆ, ಕೇಳುಗರಿಗೆ ಇದೇ ರೂಪ ಹಿಡಿಸಿಬಿಟ್ಟಿದೆ, ಹೀಗೇ ಹಾಕಲೇ ಎಂದು.

"ಹಾಕ್ಕೊಳ್ಳಪ್ಪಾ" ಎಂದು ಬೀಪಕ್ಕ ಫೋನಿಟ್ಟರು. "ನೆಲವೇ ಇಲ್ಲವಂತೆ. ನೆಲ ಇತ್ತು. ಗುಡಿಸಿ ಗುಡಿಸಿ ಅದನ್ನೂ ಎತ್ತಿಕೊಂಡು ಹೋದರು."

ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಫೋನಿನ ಪುಟಾಣಿ ಸ್ಪೀಕರಿನಲ್ಲಿ ಅಷ್ಟು ದಪ್ಪ ಸದ್ದು ಬರೋದೇ ಇಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದೋಳಿಗೆ ಅದು ಗೊತ್ತಿಲ್ವಾ? ಆದ್ರೂ ಅವತ್ತು ಕಾರಿಡಾರಲ್ಲಿ ನಂಗೆ ಕೇಳಿಸ್ತು ಕಣೇ. ಗಿರಣಿ ಕೇಳಿಸ್ತು. ನಾನೂ ಗುಂಡಿ ಒತ್ತಿದೆ."

ಹಳೆಯ ರೆಕಾರ್ಡು ಕೊರಿಯರಿನಲ್ಲಿ ಬಂತು, ಹತ್ತು ಸುತ್ತು ಕಾಗದದಲ್ಲಿ. ಅದನ್ನು ಹಾಕುವಾಗಲೂ ನಾನಿದ್ದೆ. ಟೈಲರಕ್ಕ ಅದೇ ಕುರ್ಚಿಯಲ್ಲಿ, ಅದೇ ಹಾಗೆ ಕೈ ಮಡಿಲಲ್ಲಿ ಇಟ್ಟು, ಕಣ್ಣು ಮುಚ್ಚಿ ಕೂತರು. ಮುಳ್ಳು ಇಳಿಯಿತು. ಮೊದಲು ಗೀರುಗಳ ಚಟಪಟ. ಅದರ ಅಡಿಯಿಂದ ಗಿರಣಿ ಬಂತು. ನಾನು ಅದನ್ನು ಕೇಳಿದ್ದು ಅದೇ ಮೊದಲು. ಪಕ್ಕದ ಮನೆಯಲ್ಲಿ ಏನೋ ದೊಡ್ಡದೊಂದು ಓಡುತ್ತಿರುವ ಹಾಗೆ, ನಮಗಾಗಿ ಯಾರೋ ಕೆಲಸ ಮಾಡುತ್ತಿರುವ ಹಾಗೆ. ಗೂಡಿನಲ್ಲಿದ್ದ ಸ್ಟೀಲಿನ ಲೋಟ ಸಣ್ಣಗೆ ನಡುಗಿತು. ಹೊಸ ರೆಕಾರ್ಡಿನಲ್ಲಿ ಸುಮ್ಮನೆ ತೇಲಾಡುತ್ತಿದ್ದ ಮೇಲಿನ ಸದ್ದುಗಳಿಗೆಲ್ಲ ಈಗ ಕಾಲು ಬಂದಿತ್ತು.

ಟೈಲರಕ್ಕ ನಗುತ್ತಾ ತಲೆ ಆಡಿಸುತ್ತಿದ್ದರು.

ಬೀಪಕ್ಕ ಕೈ ಚಾಚಿ ಮುಳ್ಳನ್ನು ಎತ್ತಿದರು. ಲೋಟ ನಿಂತಿತು. ಟೈಲರಕ್ಕನ ತಲೆ ನಿಲ್ಲಲಿಲ್ಲ. ಅದೇ ಲಯದಲ್ಲಿ, ಅದೇ ನಗುವಿನಲ್ಲಿ ಆಡುತ್ತಿತ್ತು. ಬೀಪಕ್ಕ ಮುಳ್ಳನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತುಬಿಟ್ಟರು. ಈ ಸಲ ಇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಟೈಲರಕ್ಕ ಕಣ್ಣು ಬಿಟ್ಟರು. ಅಕ್ಕನ ಕೈ ನೋಡಿದರು.

"ಖಾಲಿ ಬೀಪ್ ಹಾಕಿದ್ಯಾ?"

"ಹೂಂ."

"ಹೋದ ಸಲಾನೂ?"

"ಹೂಂ."

ಟೈಲರಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಕಳ್ಳಿ. ಸ್ವಂತ ತಂಗೀಗೂ ಅದೇ ಮಾಡ್ತೀಯ."

"ಯಾವಾಗಿಂದ?"

"ಹೋದ ವರ್ಷ ಬಿಸಿಲು ಶುರುವಾದಾಗಿಂದ. ಅಲ್ಲೀವರೆಗೂ ಮಷಿನ್ನಿನ ಸದ್ದು ಒಂದಿಷ್ಟು ಬರ್ತಿತ್ತು. ಆಮೇಲೆ ಅದೂ ಇಲ್ಲ."

"ಹೇಳಬಾರದಿತ್ತೇನೇ?"

"ಹೇಳಿದ್ರೆ ರೆಕಾರ್ಡು ಬೇಗ ಬರ್ತಿತ್ತಾ?"

ರೆಕಾರ್ಡು ಕೊಟ್ಟ ದಿನದಿಂದ ಆ ಬಿಸಿಲಿನವರೆಗಿನ ಲೆಕ್ಕ ಬೀಪಕ್ಕನ ತಲೆಯಲ್ಲಿ ಓಡುತ್ತಿದ್ದುದು ನನಗೆ ಕಾಣುತ್ತಿತ್ತು. ಆಗಿನ್ನೂ ಕಿವಿ ಕೇಳುತ್ತಿದ್ದ ಅಷ್ಟೂ ಮಧ್ಯಾಹ್ನಗಳಲ್ಲಿ ಮನೆಯಲ್ಲಿ ರೆಕಾರ್ಡಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಜನ ಬಹಳ ಶ್ರದ್ಧೆಯಿಂದ ಕೂತು ಅದನ್ನು ಸ್ವಚ್ಛ ಮಾಡುತ್ತಿದ್ದರು. ರೆಕಾರ್ಡು ಬಂದಾಗ ಕೇಳುವ ಕಿವಿ ಇರಲಿಲ್ಲ.

"ಬಾ, ಇದರ ಮೇಲೆ ಕೈ ಇಡು" ಎಂದು ಬೀಪಕ್ಕ ಮುಳ್ಳನ್ನು ಇಳಿಸಿ ಸ್ಪೀಕರನ್ನು ತಂಗಿಯ ಕಡೆ ತಳ್ಳಿದರು. ಲೋಟ ಮತ್ತೆ ನಡುಗಿತು.

ಟೈಲರಕ್ಕ ಕೈ ಮಡಿಲಿನಿಂದ ತೆಗೆಯಲಿಲ್ಲ. "ಬೇಡ ಅಕ್ಕ. ಕೈಗಾದ್ರೆ ಮಷಿನ್ನೇ ಸಾಕು."

"ಒಂದು ಸಲ ಇಡೇ."

"ಬೇಡ ಅಂದ್ನಲ್ಲ. ಇದನ್ನ ನಾನು ಕಿವೀಲಿ ಕೇಳಿದ್ದು. ಅಷ್ಟು ಸಾಕು, ಅದನ್ನ ಕೆಡಿಸಬೇಡ."

ಎದ್ದು ಕೆಳಗೆ ಅಂಗಡಿಗೆ ಹೋದರು. ಶಾಲೆಯ ನಾಟಕದ ಮಕ್ಕಳಿಗೆ ಫ್ರಾಕು ಹೊಲಿಯುವ ಕೆಲಸ ಬಾಕಿ ಇತ್ತು. ಬೀಪಕ್ಕ ರೆಕಾರ್ಡನ್ನು ಅರ್ಧಕ್ಕೇ ನಿಲ್ಲಿಸಿ, ಕಾಗದದಲ್ಲಿ ಸುತ್ತಿ, ವಾಪಸು ಕಳಿಸಲು ನನ್ನ ಕೈಗೆ ಕೊಟ್ಟರು. ಪರೀಕ್ಷೆ ಮುಗಿದ ಮೇಲೆ ಹೆಡ್‌ಫೋನ್ ಒರೆಸಿಡುವಷ್ಟೇ ಸಲೀಸಾಗಿ ಸುತ್ತಿದರು.

ನಾವು ಕೆಳಗೆ ಇಳಿದಾಗ ಟೈಲರಕ್ಕ ಬಟ್ಟೆ ಹರಡಿ ಅದರ ಮೇಲೆ ಡಬ್ಬಿಯ ಮುಚ್ಚಳವೊಂದನ್ನು ಇಟ್ಟು ಗೆರೆ ಎಳೆಯುತ್ತಿದ್ದರು. ಸೀಮೆಸುಣ್ಣದ ರೆಕಾರ್ಡು ಹೋದಾಗಿನಿಂದ ಅದೇ. ಮುಚ್ಚಳ ಜಾರಿ ಗೆರೆ ಸೊಟ್ಟಗಾಯಿತು. ಟೈಲರಕ್ಕ ಬೈದುಕೊಂಡು ಉಜ್ಜಿ ಅಳಿಸಿದರು.

ಬೀಪಕ್ಕ ಮೇಲೆ ಹೋಗಿ ಹೊಸ ರೆಕಾರ್ಡನ್ನು ಹೊದಿಕೆಯಿಂದ ತೆಗೆದು ತಂದು ಬಟ್ಟೆಯ ಮೇಲೆ ಇಟ್ಟರು. ಟೈಲರಕ್ಕ ಅಕ್ಕನ ಮುಖ ನೋಡಿದರು, ರೆಕಾರ್ಡನ್ನು ಒಮ್ಮೆ ಒತ್ತಿ ನೋಡಿದರು.

"ಭಾರ ಇದೆ. ಜಾರಲ್ಲ."

"ಹೂಂ, ಒಳ್ಳೇದು" ಎಂದು ಬೀಪಕ್ಕ ಬಟ್ಟೆಯ ಆ ತುದಿಯನ್ನು ಬಿಗಿಯಾಗಿ ಹಿಡಿದರು. "ಎಳಿ."